ಸಾಸಿವೆಗೆ ತೆಳ್ಳನೆ ಹೊದಿಕೆ ಬಂದದ್ದು ಹೀಗೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟ ಮುಟ್ಟಿದರೆ ಬೆರಳಿಗೆ ಬಣ್ಣ ಅಂಟುತ್ತಿತ್ತು. ಹಳ್ಳಗಳಿಗೆ ಯಾವ ಕಡೆ ಹರಿಯಬೇಕೆಂದು ಅಭ್ಯಾಸವಾಗಿರಲಿಲ್ಲ. ಬೆಳಿಗ್ಗೆ ಇಳಿದು ಹೋಗಿ, ಏನೋ ಮರೆತು ಬಂದವರ ಹಾಗೆ ಸಂಜೆ ವಾಪಸ್ಸು ಹತ್ತುತ್ತಿದ್ದವು. ಮಳೆಗಳಿಗೆ ಹೆಸರಿಟ್ಟಿರಲಿಲ್ಲ. ಮಳೆ ಬಂದರೆ ಜನ "ಏಯ್, ಬಂದೆಯಾ" ಅನ್ನುತ್ತಿದ್ದರು, ಅದು "ಹ್ಞೂಂ" ಎಂದು ಸುರಿದು ಹೋಗುತ್ತಿತ್ತು.

ಇದನ್ನೆಲ್ಲ ನಂಬದವರು ಗುಬ್ಬಚ್ಚಿಯನ್ನು ಕೇಳಬಹುದು. ಅದು ಇಲ್ಲ ಅಂದರೆ ಸುಳ್ಳು ಹೇಳುತ್ತಿದೆ ಅಂತ ತಿಳಿಯಬೇಕು. ಈ ಕತೆಯಲ್ಲಿ ಅದರ ಕೊಕ್ಕೂ ಸ್ವಲ್ಪ ಆಡಿದೆ.

ಆ ಕಾಲದಲ್ಲಿ ಕೆಮ್ಮಣ್ಣಿನ ಒಂದು ಇಳಿಜಾರಿನಲ್ಲಿ ಸಣ್ಣೀರಮ್ಮ ಎಂಬ ಹೆಂಗಸು ಇದ್ದಳು. ಲೋಕದಲ್ಲಿ ಬಿತ್ತುವ ಕೆಲಸಕ್ಕೆ ಮೊದಲು ಕೈ ಹಾಕಿದವಳು ಅವಳೇ. ಅಗಲವಾದ ಅಂಗೈ, ದಪ್ಪ ಬೆರಳು, ಮೆತ್ತನೆ ಮನಸ್ಸು. ಅವಳಿಗೊಂದು ಚಾಳಿ ಇತ್ತು. ಯಾವುದರ ಮೇಲೆ ಪ್ರೀತಿ ಬಂದರೂ ಅದಕ್ಕೆ ಹೊದೆಸಿಬಿಡುವುದು. ಕರುವಿಗೆ ಗೋಣಿ ಹೊದೆಸುತ್ತಿದ್ದಳು. ಬಳ್ಳಿಯಲ್ಲಿ ಕೂತ ಕುಂಬಳಕಾಯಿಗೆ ಹುಲ್ಲು ಹೊದೆಸುತ್ತಿದ್ದಳು. ಅವಳ ಗಂಡ ಮೂಡ್ಲಗಿರಯ್ಯ ಬೇಸಿಗೆಯ ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆದು ಎದ್ದರೆ ಮೈಮೇಲೆ ಕಂಬಳಿಯ ಮೇಲೆ ಕಂಬಳಿ.

"ಲೇ ಸಣ್ಣೀರಿ, ನಾನೇನು ಬೇಯಾಕಿಟ್ಟ ಗೆಣಸಾ?" ಎಂದು ಬೆವರು ಒರೆಸಿಕೊಳ್ಳುತ್ತಿದ್ದ.

"ಗಾಳಿ ಐತೆ. ಸುಮ್ಕೆ ಮನೀಕಳಿ," ಎಂದು ಅವಳು ಅಂಚು ಒತ್ತಿ ಹೋಗುತ್ತಿದ್ದಳು.

ಬೀಜಗಳನ್ನೆಲ್ಲ ಭೂಮ್ತಾಯಿ ತಾನೇ ಕೂತು ಮಾಡಿದಳು. ದೊಡ್ಡವು ಮೊದಲು: ಹಲಸು, ಮಾವು, ಕುಂಬಳ. ಆಮೇಲೆ ಅವರೆ, ತೊಗರಿ, ಜೋಳ. ಒಂದೊಂದು ಬೀಜದೊಳಗೂ ಒಂದೊಂದು ದಾರಿಬುತ್ತಿ ಕಟ್ಟಿ, ಮೇಲೆ ಸಿಪ್ಪೆ ಹೊಲಿದಳು. ಮಣ್ಣಿನ ಒಳಗಿನಿಂದ ಬೆಳಕಿನವರೆಗೆ ಬೀಜ ನಡೆದುಬರಬೇಕಲ್ಲ, ದಾರಿಯಲ್ಲಿ ಹಸಿವಾಗುತ್ತದೆ. ಬೆಳಕು ಕಂಡಮೇಲೆ ಅದು ಎಲೆ ಬಿಚ್ಚಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಬುತ್ತಿಯೇ ಗತಿ. ಒಂದು ಅವರೆಕಾಳು ಹಿಸುಕಿ ನೋಡಿದರೆ ಗೊತ್ತಾಗುತ್ತದೆ, ಎರಡು ಹೋಳು ತುಂಬ ಬುತ್ತಿಯೇ.

ಕಟ್ಟಕಡೆಗೆ ಸಾಸಿವೆಯ ಸರದಿ ಬಂತು. ಅಷ್ಟು ಹೊತ್ತಿಗೆ ಹಿಟ್ಟು ಮುಗಿದಿತ್ತು. ತಾಯಿ ಮಡಕೆಯ ತಳ ಕೆರೆದಳು. ಬೆರಳ ಸಂದಿಗೆ ಮೆತ್ತಿದ್ದನ್ನು ಉಜ್ಜಿ ಉದುರಿಸಿದಳು. ಆ ಚೂರುಪಾರಿನಲ್ಲಿ ಪುಟ್ಟಪುಟ್ಟ ಉಂಡೆ ಕಟ್ಟಿ, ಒಳಗೆ ಇಡಲು ಬುತ್ತಿ ಹುಡುಕಿದರೆ ತುತ್ತೂ ಉಳಿದಿಲ್ಲ. ಇದ್ದಬದ್ದದ್ದನ್ನೇ ಹಂಚಿದಳು. ಒಂದೊಂದಕ್ಕೆ ಒಂದು ಅಗುಳಿನಷ್ಟು ಸಿಕ್ಕಿತು.

ಅವನ್ನೆಲ್ಲ ಒಂದು ಸೋರೆಬುರುಡೆಗೆ ತುಂಬಿ ಸಣ್ಣೀರಮ್ಮನ ಕೈಗಿಟ್ಟಳು.

"ಇವು ನನ್ನ ಕಡೇ ಕೂಸುಗಳು ಮಗಾ, ನಿನ್ನ ತಂಗೀರು ತಮ್ಮದೀರು ಅಂತಲೇ ತಿಳಕ. ಲೋಕದಲ್ಲಿ ಇರೋದು ಇಷ್ಟೇಯ. ಇವು ಹೋದ್ರೆ ಇನ್ನೊಂದ್ಸಾರಿ ಮಾಡಾಕೆ ಹಿಟ್ಟೂ ಇಲ್ಲ, ನನ್ನ ಕೈಯಲ್ಲಿ ತ್ರಾಣವೂ ಇಲ್ಲ. ಜ್ವಾಪಾನ."

"ನೀನು ನಿಶ್ಚಿಂತೆಯಾಗಿ ಮನೀಕ ತಾಯಿ," ಎಂದಳು ಸಣ್ಣೀರಮ್ಮ. "ಇವನ್ನ ಮ್ಯಾಲೆ ತರೋ ಭಾರ ನಂದು."

ಭೂಮ್ತಾಯಿ ಮಗ್ಗುಲಾಗಿ ನಿದ್ದೆಹೋದಳು. ಎಷ್ಟು ದಣಿದಿದ್ದಳೆಂದರೆ ಅವಳ ಗೊರಕೆಗೆ ಗುಡ್ಡದ ಬಂಡೆಗಳು ಮೆಲ್ಲಗೆ ಅಲ್ಲಾಡುತ್ತಿದ್ದವು.

ಬುರುಡೆಯೊಳಗಿನ ಸಾಸಿವೆಗಳು ಒಂದು ಕ್ಷಣ ಸುಮ್ಮನಿರುವ ಜಾತಿಯಲ್ಲ. ಉರುಳಾಡುವುದು, ತಳ್ಳಾಡುವುದು, ಒಂದರ ಮೇಲೊಂದು ದೂರು.

"ಅಕ್ಕಯ್ಯ, ಇವನು ನನ್ನ ಮೇಲೇ ಕೂತವ್ನೆ."

"ಅಕ್ಕಯ್ಯ, ನಾವು ಯಾವಾಗ ಬೆಳಕು ನೋಡೋದು?"

"ಅಕ್ಕಯ್ಯ, ಬೆಳಕು ಅಂದ್ರೆ ಉಂಡೆಯಾಗಿ ಇರ್ತದಾ, ಚಪ್ಪಟೆಯಾಗಿ ಇರ್ತದಾ?"

ಸಣ್ಣೀರಮ್ಮ ಬುರುಡೆಯನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು. ಅವಳಿಗೆ ಎಲ್ಲ ಬೀಜದ ಮೇಲೂ ಪ್ರೀತಿಯೇ. ಆದರೆ ಇವುಗಳ ಮೇಲೆ ಒಂದು ಹಿಡಿ ಹೆಚ್ಚು.

ಬಿತ್ತುವ ದಿನ ಬಂತು. ಮೊದಲು ಅವರೆ. ಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಗುಳಿ ಮಾಡಿ ಕಾಳು ಬಿಟ್ಟಳು. ಅವರೆ ಒಳಗಿನಿಂದಲೇ "ತಂಪಾಗೈತೆ, ಬೇಸ್ ಐತೆ" ಎಂದು ಮಗ್ಗುಲು ಬದಲಿಸಿ ಬುತ್ತಿ ಬಿಚ್ಚಿಕೊಂಡು ಕೂತಿತು.

ಸಾಸಿವೆಯ ಬುರುಡೆ ತೆಗೆದಳೋ ಇಲ್ಲವೋ, ಗುಬ್ಬಚ್ಚಿ ಬಂದು ಬದುವಿನ ಮೇಲೆ ಕೂತಿತು.

"ಸಣ್ಣೀರವ್ವ, ಒಬ್ಬಳೇ ಎಷ್ಟು ಕಷ್ಟಪಡ್ತೀಯ. ನಾನು ಕೈಹಾಕಲೇನು?"

"ನಿನಗೆ ಕೈ ಎಲ್ಲೈತೆ?"

"ಅದಕ್ಕೇ ಬಾಯಿ ಹಾಕೋಣಾಂತ."

ಅತ್ತ ಕಡೆಯಿಂದ ಇರುವೆಗಳ ಸಾಲು. ಮುಂದಿನ ಇರುವೆ ಮೀಸೆ ತಿರುವಿ, "ಅವ್ವಾ, ಈ ಹೊಲದಾಗೆ ಯಾಕೆ ಇಡ್ತೀಯ, ಬಿಸಿಲು, ಮಳೆ. ನಮ್ಮ ಮನೇಲಿ ಬೇಕಾದಂಗೆ ಕೋಣೆಗಳವೆ," ಎಂದಿತು. ಮೇಲೆ ನೋಡಿದರೆ ಸೂರ್ಯ ಕೆಂಡದ ಹಾಗೆ ಉರಿಯುತ್ತಿದ್ದಾನೆ. ಪಕ್ಕದಲ್ಲಿ ಗಾಳಿ, ಕೆಲಸವಿಲ್ಲದ ಪೋಕರಿಯ ಹಾಗೆ, ಅತ್ತಿಂದಿತ್ತ ಸುಳಿಯುತ್ತಿದೆ.

ಸಣ್ಣೀರಮ್ಮ ಬುರುಡೆಯ ಬಾಯಿಗೆ ಅಂಗೈ ಮುಚ್ಚಿದಳು. ಜೋಪಾನ ಎಂದಿದ್ದಾಳೆ ತಾಯಿ. ಅಷ್ಟು ದಪ್ಪ ಅವರೆಗೇ ಎರಡು ಗೆಣ್ಣು ಹೊದಿಕೆ ಬೇಕಾದರೆ, ಈ ಎಳೆ ಕೂಸುಗಳಿಗೆ ಎಷ್ಟು ಬೇಕು? ದಪ್ಪ ಮಗುವಿಗೆ ಒಂದು ಬಟ್ಟೆ ಸಾಕು, ಬಡಕಲು ಮಗುವಿಗೆ ಇನ್ನೊಂದು ಸುತ್ತು ಹೆಚ್ಚು ಸುತ್ತಬೇಕು. ಇದು ಅವಳ ಲೆಕ್ಕ. ಮಕ್ಕಳ ವಿಷಯದಲ್ಲಿ ಈ ಲೆಕ್ಕ ಸರಿಯೇ.

ಗೇಣುದ್ದ ಗುಳಿ ತೋಡಿದಳು. ಬುರುಡೆಯ ಬಹುಪಾಲು ಸಾಸಿವೆಯನ್ನು ಗುಳಿಗುಳಿಗೂ ಇಳಿಬಿಟ್ಟಳು. ಮೇಲೆ ಮಣ್ಣೆಳೆದಳು. ಎಳೆದದ್ದು ಸಾಲದೆಂದು ಇನ್ನಷ್ಟು ಎಳೆದಳು. ಅಂಗೈಯಿಂದ ತಟ್ಟಿದಳು. ತಟ್ಟುತ್ತ ತಟ್ಟುತ್ತ ಜೋಗುಳದ ರಾಗ ಬಂದು, ಹಾಡು ಮುಗಿಯುವವರೆಗೂ ತಟ್ಟಿದಳು. ಮಣ್ಣು ಜಗಲಿಯ ಹಾಗೆ ಗಟ್ಟಿಯಾಯಿತು.

ಮೂಡ್ಲಗಿರಯ್ಯ ಎಲೆಅಡಿಕೆ ಜಗಿಯುತ್ತ ನೋಡುತ್ತಿದ್ದವನು, "ಅಲ್ಲಾ ಕಣೇ, ಬಿತ್ತುತಾ ಇದ್ದೀಯೋ, ಹೂಳ್ತಾ ಇದ್ದೀಯೋ?" ಎಂದ.

"ಬಾಯಾಗೆ ಒಳ್ಳೇದು ಬರಾಕಿಲ್ವಾ ನಿಮಗೆ?" ಎಂದು ಅವಳು ಮತ್ತೊಮ್ಮೆ ತಟ್ಟಿದಳು.

ಅವರೆ ಸಮಾಧಾನವಾಗಿ ಬಂತು. ಮಣ್ಣನ್ನು ಬೆನ್ನಿನಿಂದ ಎತ್ತಿ, ಹೋಳುಗಳನ್ನು ಹೊತ್ತುಕೊಂಡೇ ಮೇಲೆದ್ದು, "ಬುತ್ತಿ ಇನ್ನೂ ಮಿಕ್ಕೈತೆ, ಯಾರಿಗಾದ್ರೂ ಬೇಕಾ?" ಎಂದು ಕೇಳಿತು.

ಸಾಸಿವೆ ಬರಲಿಲ್ಲ.

ಸಣ್ಣೀರಮ್ಮ ದಿನವೂ ಹೋಗಿ ನೆಲಕ್ಕೆ ಕಿವಿ ಇಟ್ಟಳು. ಏನೂ ಕೇಳಿಸಲಿಲ್ಲ. ಕೊನೆಗೆ ಎರೆಹುಳು ಸಿಕ್ಕಿತು. ಆ ಕಾಲದಲ್ಲಿ ನೆಲದ ಕೆಳಗಿನ ಸುದ್ದಿ ಮೇಲೆ, ಮೇಲಿನ ಸುದ್ದಿ ಕೆಳಗೆ ಮುಟ್ಟಿಸುವ ಕೆಲಸ ಅದರದ್ದೇ. ನಿಧಾನ, ಆದರೆ ಪ್ರಾಮಾಣಿಕ.

"ಕೆಳಗೆ ನಿನ್ನ ಕೂಸುಗಳು ಸಿಕ್ಕಿದ್ವು ಸಣ್ಣೀರವ್ವ," ಎಂದಿತು ಎರೆಹುಳು. "ನಡೀತಾ ಅವೆ. ಬೆಳ್ಳನೆ ಕುತ್ತಿಗೇನ ನೂಲಿನಂಗೆ ಉದ್ದ ಮಾಡ್ಕಂಡು ನಡೀತಾ ಅವೆ."

"ಎಲ್ಲೀಗಂಟ ಬಂದವೆ?"

"ಅರ್ಧ ದಾರಿ."

"ಬುತ್ತಿ ಐತಾ?"

ಎರೆಹುಳು ತಲೆಯನ್ನೋ ಬಾಲವನ್ನೋ ತಗ್ಗಿಸಿತು. "ಬುತ್ತಿ ಎಲ್ಲಿ ಬಂತು. ಒಂದು ಅಗುಳು. ಹೊರಟ ಸ್ವಲ್ಪ ದೂರಕ್ಕೇ ಮುಗೀತು. ಇನ್ನೆಷ್ಟು ದೂರ ಮಾವ ಅಂತ ಕೇಳಿದ್ವು. ಇಗೋ ಬಂದೇಬಿಡ್ತು ಅಂತ ಸುಳ್ಳು ಹೇಳ್ದೆ. ಅದೊಂದೇ ನಾನು ಹೇಳಿದ ಸುಳ್ಳು."

ಸಣ್ಣೀರಮ್ಮ ಓಡಿದಳು. ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ಬಗೆದಳು. ತಾನೇ ತಟ್ಟಿ ತಟ್ಟಿ ಗಟ್ಟಿ ಮಾಡಿದ ಮಣ್ಣು ಹೆಂಟೆಹೆಂಟೆಯಾಗಿ ಎದ್ದಿತು, ಒಂದೊಂದು ಹೆಂಟೆ ಎದ್ದಾಗಲೂ ಅದರೊಳಗಿನ ಬಿಳಿ ನೂಲು ಪಟ್ಟನೆ ಹರಿಯಿತು. ಬಗೆದಷ್ಟೂ ಹರಿಯಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಎಲ್ಲೋ ಒಂದೆರಡು ಕಡೆ, ಅವಳು ಅಷ್ಟಾಗಿ ತಟ್ಟದೆ ಬಿಟ್ಟಿದ್ದ ಮೂಲೆಯಲ್ಲಿ, ತಾವಾಗಿಯೇ ಕೆಲವು ಮೇಲೆ ಬಂದವು. ತಡವಾಗಿ ಬಂದವು, ಸುಸ್ತಾಗಿ ಬಂದವು. ಹಸಿರಿರಲಿಲ್ಲ, ಬರೀ ಬಿಳಿಚಿದ ಹಳದಿ. ಕತ್ತು ನಿಲ್ಲುತ್ತಿರಲಿಲ್ಲ.

ಅದರಲ್ಲೊಂದು ತಲೆಯೆತ್ತಿ, "ಅಕ್ಕಯ್ಯ, ಇದೇನಾ ಬೆಳಕು?" ಎಂದಿತು.

"ಇದೇ ಕಣವ್ವ."

"ಚಂದಾಗೈತೆ," ಎಂದು ಅದು ಮಣ್ಣಿನ ಮೇಲೆ ತಲೆಯಿಟ್ಟು ಮಲಗಿತು. ಮಧ್ಯಾಹ್ನದ ಬಿಸಿಲಿಗೆ ಅದೂ ಏಳಲಿಲ್ಲ, ಮಿಕ್ಕವೂ ಏಳಲಿಲ್ಲ.

ಆ ದಿನ ಸಣ್ಣೀರಮ್ಮ ಒಲೆ ಹಚ್ಚಲಿಲ್ಲ. ಮೂಡ್ಲಗಿರಯ್ಯ ತಾನೇ ಮುದ್ದೆ ತಿರುವಿದ. ಅದು ಮುದ್ದೆಯೋ ಗೋಡೆಗೆ ಮೆತ್ತುವ ಮಣ್ಣೋ ಹೇಳಲು ಬರುವಂತಿರಲಿಲ್ಲ. ಅವಳ ಮುಂದಿಟ್ಟು, "ತಿನ್ನು. ನಿನ್ನ ಕೈ ತಪ್ಪು ಮಾಡ್ತು, ಹೊಟ್ಟೆ ಏನು ಮಾಡ್ತು?" ಎಂದ.

"ತಾಯಿ ಎದ್ದು ಕೇಳಿದ್ರೆ ಏನಂತ ಹೇಳ್ಲಿ?"

"ಬುರುಡೇಲಿ ಇನ್ನೂ ಅವೆಯಲ್ಲ. ಈ ಸಾರಿ ಹೊದೆಸಬ್ಯಾಡ. ಸುಮ್ಕೆ ಮೇಲೆ ಚೆಲ್ಲಿಬಿಡು. ದಾರೀನೇ ಇಲ್ದಿದ್ರೆ ಬುತ್ತಿ ಯಾಕೆ ಬೇಕು?"

ಗಂಡ ಹೇಳುವಾಗ ಮಾತು ಬಹಳ ನುಣುಪಾಗಿ ಕೇಳಿಸಿತು. ಮಾರನೆಯ ಬೆಳಿಗ್ಗೆ ಸಣ್ಣೀರಮ್ಮ ಒಂದು ಚಿಟಿಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡು, ಉಳಿದದ್ದನ್ನೆಲ್ಲ ಹೊಲದ ಮೇಲೆ ಬರಿದೇ ಚೆಲ್ಲಿದಳು. ಮಣ್ಣು ಮುಟ್ಟಲಿಲ್ಲ, ತಟ್ಟಲಿಲ್ಲ, ಹಾಡಲಿಲ್ಲ.

ಸಾಸಿವೆಗಳು ಖುಷಿಯಿಂದ ಕೂಗಾಡಿದವು. "ಅಕ್ಕಯ್ಯ, ಬೆಳಕು ಉಂಡೆಯೂ ಅಲ್ಲ, ಚಪ್ಪಟೆಯೂ ಅಲ್ಲ." ಬೆಳಗಿನ ಇಬ್ಬನಿ ಕುಡಿದು ಸಿಪ್ಪೆ ಬಿರಿದು, ಕೆಲವು ಬೇರಿನ ತುದಿಯನ್ನೂ ಚಾಚಿದವು.

ಗುಬ್ಬಚ್ಚಿ ಬಂತು. ಒಂದೇ ಬರಲಿಲ್ಲ, ಮದುವೆ ಊಟಕ್ಕೆ ಹೊರಟವರ ಹಾಗೆ ಅತ್ತೆ ಮಾವ ಷಡ್ಡಕರನ್ನೆಲ್ಲ ಕರೆದುಕೊಂಡು ಬಂತು. ಸಣ್ಣೀರಮ್ಮ ಆ ಕಡೆ ಓಡಿಸಿದರೆ ಈ ಕಡೆ ಇರುವೆ. ಈ ಕಡೆ ಕಾಲು ಅಡ್ಡ ಇಟ್ಟರೆ ಗಾಳಿ ಒಂದು ಹಿಡಿ ಬೀಜವನ್ನು ಬಂಡೆಯ ಮೇಲೆ ಒಯ್ದು ಸುರಿಯಿತು. ಮಿಕ್ಕವು ಬೇರು ಊರಲು ತೇವ ಹುಡುಕುತ್ತಿದ್ದಾಗ ಸೂರ್ಯ ನೆತ್ತಿಗೆ ಬಂದ.

"ಸ್ವಲ್ಪ ಹೊತ್ತು ಮೋಡದ ಹಿಂದಕ್ಕೆ ಹೋಗಪ್ಪ," ಎಂದು ಸಣ್ಣೀರಮ್ಮ ಕೈಮುಗಿದಳು.

"ನಾನು ಹೋದ್ರೆ ಅವರೆ ಅಳ್ತದೆ ತಾಯಿ," ಎಂದ ಸೂರ್ಯ. ಅವನಿಗೂ ಬೇಜಾರೇ. "ನನಗೆ ಬೇಯಿಸೋದೊಂದೇ ಗೊತ್ತು. ಅಡ್ಡ ಒಂದು ಪರದೆ ಇದ್ದಿದ್ರೆ ನಾನೂ ಬದುಕಿಸ್ತಿದ್ದೆ."

ಸಂಜೆಗೆ ಹೊಲ ಬರಿದು. ಗುಬ್ಬಚ್ಚಿ ಹೊಟ್ಟೆ ನೇವರಿಸಿಕೊಂಡು, "ಸ್ವಲ್ಪ ಖಾರ. ಆದ್ರೆ ಬಾಯಿಗೆ ಚೆನ್ನಾಗೈತೆ," ಎಂದಿತು. ಇಡೀ ಲೋಕದ ಸಾಸಿವೆ ಈಗ ಅವಳ ಸೆರಗಿನ ತುದಿಯ ಗಂಟಿನಲ್ಲಿತ್ತು.

ಆಮೇಲೆ ಅವಳು ಬಿತ್ತುವುದನ್ನೇ ಬಿಟ್ಟಳು. ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದಳು. ನೀರಿಗೆ ಹೋದರೂ ಅದರ ಮೇಲೆ ಒಂದು ಕೈ. ಆಳಕ್ಕೆ ಹಾಕಿದರೆ ದಾರಿಯಲ್ಲಿ ಸಾಯುತ್ತವೆ, ಮೇಲೆ ಹಾಕಿದರೆ ಬಾಗಿಲಲ್ಲೇ ಸಾಯುತ್ತವೆ. ಸೆರಗಿನಲ್ಲಾದರೆ ಕಣ್ಣ ಮುಂದೆ ಇರುತ್ತವೆ.

ಒಂದು ದಿನ ಮಳೆ ಬಂತು. ಸುರಿದು ಸುಸ್ತಾಗಿ ಬಾಗಿಲಲ್ಲಿ ನಿಂತು, "ಸಣ್ಣೀರವ್ವ, ನಾನು ಹೊರಟೆ. ಇನ್ನು ಬರೋದು ಮುಂದಿನ ವರ್ಷಕ್ಕೆ. ನೆಲ ಹಸಿಯಾಗೈತೆ, ಆದ್ರೆ ಮೇಲಿನ ಹಸಿ ಬಾಳ ಹೊತ್ತು ನಿಲ್ಲಾಕಿಲ್ಲ. ಏನಾದ್ರೂ ಮಾಡೋದಿದ್ರೆ ಈಗಲೇ ಮಾಡು," ಎಂದಿತು.

"ಬರೋ ವರ್ಷ ಮಾಡ್ತೀನಿ ಬಿಡು."

ಗಂಟಿನೊಳಗಿಂದ ಸಣ್ಣ ದನಿ ಬಂತು. "ಅಕ್ಕಯ್ಯ, ವರ್ಷ ಅಂದ್ರೆ ನಾಳೇನಾ?" ದನಿ ಬಡವಾಗಿತ್ತು. ಬೀಜಗಳು ವರ್ಷಗಟ್ಟಲೆ ಕಾಯುವುದನ್ನು ಆಗಿನ್ನೂ ಕಲಿತಿರಲಿಲ್ಲ. ಆ ಒಂದು ಅಗುಳು ಬುತ್ತಿ ಒಣಗುತ್ತ ಬಂದಿತ್ತು.

ಸಣ್ಣೀರಮ್ಮ ಹೊಲದ ನಡುವೆ ಕವುಚಿ ಮಲಗಿ, ನೆಲಕ್ಕೆ ಬಾಯಿಟ್ಟು ಕೂಗಿದಳು. "ತಾಯಿ, ಏಳು. ನನಗೆ ಗೊತ್ತಾಗ್ತಾ ಇಲ್ಲ."

ಭೂಮ್ತಾಯಿ ಅರ್ಧ ಕಣ್ಣು ತೆರೆದಳು. "ಏನ್ ಮಗಾ?"

"ಸಾಸಿವೆಗೆ ಎಷ್ಟು ಹೊದಿಕೆ ಬೇಕು?"

ಭೂಮ್ತಾಯಿ ಆಕಳಿಸಿದಳು. "ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದಳು. "ನಾನೇ ಹೊದಿಕೆ. ಕಂಬಳೀನ ಕೇಳಿದ್ರೆ ಸೆಕೆ ಎಷ್ಟು ಅಂತ ಹೇಳ್ತದಾ? ಒಳಗೆ ಮಲಗಿರೋರನ್ನ ಕೇಳಬೇಕು." ಹೀಗೆಂದು ಮತ್ತೆ ಕಣ್ಣು ಮುಚ್ಚಿದಳು.

ಸಣ್ಣೀರಮ್ಮ ಎದ್ದು ಕೂತಳು. ಕರುವನ್ನು ಅವಳು ಎಂದೂ ಕೇಳಿರಲಿಲ್ಲ. ಕುಂಬಳಕಾಯಿಯನ್ನು ಕೇಳಿರಲಿಲ್ಲ. ಮೂಡ್ಲಗಿರಯ್ಯ ಕೇಳದೆಯೇ ಹೇಳುತ್ತಿದ್ದ, ಅದನ್ನು ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಗಂಟು ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡು, ನಾಚುತ್ತಲೇ ಕೇಳಿದಳು.

"ನಿಮಗೆ ಎಷ್ಟು ಹೊದಿಕೆ ಬೇಕ್ರಪ್ಪಾ?"

ಸಾಸಿವೆಗಳು ಮೊದಲ ಸಲ ತಳ್ಳಾಟ ನಿಲ್ಲಿಸಿದವು. ಆಮೇಲೆ ಒಂದು ಹೇಳಿತು, "ನಾವು ಒಂದೇ ಉಸಿರಿಗೆ ಓಡಬೇಕು ಅಕ್ಕಯ್ಯ. ಒಂದು ಉಸಿರಿನಷ್ಟು ಸಾಕು."

ಇನ್ನೊಂದು ಹೇಳಿತು, "ಕೆಳಗೆ ಬೆನ್ನಿಗೆ ಹಸಿ ತಾಗಬೇಕು."

ಮತ್ತೊಂದು, "ಗುಬ್ಬಿಗೆ ನಾವು ಕಾಣಬಾರದು. ಆದ್ರೆ ಗುಬ್ಬಿ ಓಡಾಡೋದು ನಮಗೆ ಕೇಳಿಸಬೇಕು."

ಸಣ್ಣೀರಮ್ಮ ತೋರುಬೆರಳನ್ನು ಮಣ್ಣಿಗೆ ಇಳಿಸಿದಳು. "ಇಷ್ಟು?"

"ಅಷ್ಟು ಬ್ಯಾಡ."

ಮೇಲಕ್ಕೆ ಎಳೆದಳು. "ಇಷ್ಟು?"

"ಇನ್ನೂ ಸ್ವಲ್ಪ ಮೇಲೆ."

ಬೆರಳಿನ ಉಗುರು ಮಾತ್ರ ಮುಳುಗಿತ್ತು. "ಅಷ್ಟೇ, ಅಷ್ಟೇ," ಎಂದವು ಎಲ್ಲವೂ ಒಟ್ಟಿಗೆ.

"ಇಷ್ಟೇನಾ?" ಎಂದಳು ಸಣ್ಣೀರಮ್ಮ. "ಇದು ಹೊದಿಕೆಯೇ ಅಲ್ಲ ಕಣ್ರೋ. ಮುಖದ ಮೇಲೆ ಸೆರಗು ಹಾಕಿದಂಗಾತು."

"ಸೆರಗೇ ಸಾಕು ಅಕ್ಕಯ್ಯ."

ಗೆರೆ ಎಳೆದಳು, ಉಗುರು ಮುಳುಗುವಷ್ಟು. ಆದರೆ ಅವಳ ಬೆರಳಿನಿಂದ ಉದುರಿಸಿದರೆ ಸಾಸಿವೆ ಗುಂಪುಗುಂಪಾಗಿ ಬಿದ್ದು, ಬಿದ್ದಲ್ಲೇ ತಳ್ಳಾಟ. ಬದಿಯಲ್ಲಿ ಹರಿಯುತ್ತಿದ್ದ ಹಳ್ಳ ಇದನ್ನು ನೋಡಿ ಒಂದು ಬೊಗಸೆ ಸಣ್ಣ ಮರಳನ್ನು ದಂಡೆಗೆ ನೂಕಿತು. "ಇದರ ಜೊತೆ ಕಲೆಸಿ ಹಾಕು. ಜಗಳಗಂಟ ಮಕ್ಕಳ ನಡುವೆ ನೆಂಟರ ಮಕ್ಕಳನ್ನ ಮಲಗಿಸಿದಂಗೆ." ಕಲೆಸಿ ಉದುರಿಸಿದಳು. ಮರಳಿನ ಜೊತೆ ಸಾಸಿವೆ ಬಿಡಿಬಿಡಿಯಾಗಿ ಬಿತ್ತು.

ಇನ್ನು ಮಣ್ಣು ಮುಚ್ಚಬೇಕು. ಸಣ್ಣೀರಮ್ಮ ಒಂದು ಚೂರು ಮಣ್ಣು ಎಳೆದಳು. ಕೈ ತಾನಾಗಿ ಇನ್ನೊಂದು ಚೂರು ಎಳೆಯಿತು. ಒಂದು ಸಲ ತಟ್ಟಲು ಹೋಗಿ ಗಾಳಿಯಲ್ಲೇ ತಡೆದುಕೊಂಡಳು. ಎಡಗೈಯಿಂದ ಬಲಗೈ ಹಿಡಿದರೆ ಎಡಗೈ ತಟ್ಟಲು ಹೋಯಿತು.

"ನನ್ನ ಕೈಯಾಗೆ ಆಗಾಕಿಲ್ಲ," ಎಂದಳು ಗಂಡನಿಗೆ. "ನೀವು ಮುಚ್ಚಿ."

ಮೂಡ್ಲಗಿರಯ್ಯ ಹಿಂದೆ ಸರಿದ. "ನಾನೂ ಈ ನಡುವೆ ಅವಕ್ಕೆ ಅಂಟಿಕೊಂಡಿವ್ನಿ ಕಣೇ. ನಾನೂ ಒತ್ತಿಬಿಡ್ತೀನಿ. ಯಾರಿಗೆ ಪ್ರೀತಿ ಇಲ್ವೋ ಅಂಥೋರು ಬೇಕು."

ಬದುವಿನ ಮೇಲೆ ಕರಿಜಾಲಿ ನಿಂತಿತ್ತು. ಮೈಯೆಲ್ಲ ಮುಳ್ಳು. ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ, ಅದೂ ಯಾರನ್ನೂ ಕರೆಯುತ್ತಿರಲಿಲ್ಲ.

"ಜಾಲಿಯಪ್ಪ, ನಿನಗೆ ಈ ಸಾಸಿವೆ ಮೇಲೆ ಪ್ರೀತಿ ಐತಾ?" ಎಂದು ಕೇಳಿದಳು ಸಣ್ಣೀರಮ್ಮ.

"ಯಾವ ಸಾಸಿವೆ?" ಎಂದಿತು ಜಾಲಿ.

"ನೀನೇ ಸರಿ," ಎಂದಳು ಅವಳು.

ಜಾಲಿಯ ಒಂದು ಕೊಂಬೆ ಕಡಿದು ಮೂಡ್ಲಗಿರಯ್ಯ ಹೊಲದ ಮೇಲೆ ಎಳೆದುಕೊಂಡು ನಡೆದ. ಕೊಂಬೆ ಮಣ್ಣನ್ನು ಅಪ್ಪಲಿಲ್ಲ, ತಟ್ಟಲಿಲ್ಲ; ಬಾಚಣಿಗೆಯ ಹಾಗೆ ಮೇಲೆಮೇಲೆ ಗೀರುತ್ತ ಹೋಯಿತು. ಗೆರೆಯ ಅಂಚಿನ ಪುಡಿಮಣ್ಣು ಸರಸರ ಜಾರಿ ಸಾಸಿವೆಯ ಮೇಲೆ ತೆಳ್ಳಗೆ ಕೂತಿತು. ಹೆಂಟೆ ಇಲ್ಲ, ಗಟ್ಟಿ ಇಲ್ಲ. ಕೆಳಗೆ ಮಳೆಯ ಹಸಿ, ಮೇಲೆ ಸೆರಗಿನಷ್ಟು ಮಣ್ಣು. ಮೂಡ್ಲಗಿರಯ್ಯನ ಕಾಲಿಗೆ ಮಾತ್ರ ಮುಳ್ಳು ಚುಚ್ಚಿ ಅವನು ಕುಣಿಯುತ್ತ ನಡೆದ. ಲೋಕದ ಮೊದಲ ಕುಣಿತ ಅದೇ ಎಂದು ಹಳ್ಳ ಇವತ್ತಿಗೂ ಹೇಳುತ್ತದೆ.

ಗುಬ್ಬಚ್ಚಿ ಬಂದು ಹೊಲದ ಉದ್ದಕ್ಕೂ ನಡೆದು ನೋಡಿತು. "ಎಲ್ಲಿಟ್ಟೆ ಸಣ್ಣೀರವ್ವ?" ಎಂದಿತು. ಸ್ವಲ್ಪ ಹೊತ್ತು ನೆಲ ಕುಕ್ಕಿ, ಬರೀ ಮರಳು ಬಾಯಿಗೆ ಬಂದು, ಥೂ ಎಂದು ಹಾರಿಹೋಯಿತು.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಏನೂ ಮಾಡದೆ ಇರುವುದು.

ಸಣ್ಣೀರಮ್ಮ ಬದುವಿನ ಮೇಲೆ ತನ್ನ ಎರಡೂ ಅಂಗೈಗಳ ಮೇಲೆ ಕೂತುಕೊಂಡಳು. ಹೊತ್ತು ಇಳಿದು ತಣ್ಣಗೆ ಗಾಳಿ ಬೀಸಿತು. ಅವಳು ಎದ್ದು ಮನೆಗೆ ಹೋಗಿ ಕಂಬಳಿ ಎತ್ತಿಕೊಂಡು ಬಂದಳು.

"ಎಲ್ಲಿಗೆ?" ಎಂದ ಮೂಡ್ಲಗಿರಯ್ಯ.

"ಬರೀ ಅಂಚಿನಾಗೆ, ಒಂಚೂರು..."

"ಇಲ್ಲಿ ಕೊಡು ಅದನ್ನ," ಎಂದು ಅವನೇ ಕಂಬಳಿ ತೆಗೆದುಕೊಂಡು ತನ್ನ ಮೇಲೆ ಹೊದ್ದುಕೊಂಡ. "ನನಗೆ ಹೊದೆಸು. ಎಷ್ಟು ಬೇಕಾದ್ರೂ ಹೊದೆಸು. ನಾನೇನು ಮೊಳಕೆ ಬರಬೇಕಾಗಿಲ್ಲ." ಸಾಸಿವೆ ಏಳುವವರೆಗೂ ಅವನು ಕಂಬಳಿಯ ರಾಶಿಯೊಳಗೆ ಬೆವರುತ್ತ, ಒಂದು ಮಾತೂ ಆಡದೆ ಕೂತಿದ್ದ. ಗಂಡಂದಿರಲ್ಲಿ ಇಂಥವರೂ ಇದ್ದರು.

ಅವರೆ ಏಳಲು ಹಿಡಿದ ಕಾಲವೂ ಸಾಸಿವೆಗೆ ಹಿಡಿಯಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮಣ್ಣಿನ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ. ಗಿಡ್ಡ ಕುತ್ತಿಗೆ, ಗಟ್ಟಿ ಕುತ್ತಿಗೆ. ಒಂದೊಂದರ ಮೇಲೂ ನಡುವೆ ಸ್ವಲ್ಪ ಒತ್ತಿದಂತಿದ್ದ ಎರಡೆರಡು ಎಲೆ. ಒಂದೇ ಉಸಿರಿಗೆ ಓಡಿಬಂದು, ಏದುಸಿರಿನಲ್ಲೇ ನಗುತ್ತಿದ್ದವು.

ಆಮೇಲೆ ಅತ್ತಿತ್ತ ನೋಡಿದವು. ಸಾಲಿನಲ್ಲಿ ನಡುನಡುವೆ ಬಹಳ ಜಾಗ ಖಾಲಿಯಿತ್ತು.

"ಅಕ್ಕಯ್ಯ, ಮಿಕ್ಕೋರೆಲ್ಲ ಎಲ್ಲಿ?"

ಸಣ್ಣೀರಮ್ಮ ಮಣ್ಣಲ್ಲಿ ಕೂತಳು. ಎರೆಹುಳು ಸುಳ್ಳು ಹೇಳಿದ ಹಾಗೆ ತಾನೂ ಹೇಳಬಹುದಿತ್ತು. ಹೇಳಲಿಲ್ಲ. "ಅವರು ಬರಲಿಲ್ಲ ಕಣ್ರೋ. ನಾನು ಹೆಚ್ಚು ಹೊದೆಸ್ದೆ. ಆಮೇಲೆ ಹೊದೆಸದೇ ಬಿಟ್ಟೆ. ನನ್ನ ಕೈಯಾಗೇ ಹೋದ್ರು."

ಅಂಚಿನಲ್ಲಿದ್ದ ಒಂದು ಮರಿಗಿಡ ಪಕ್ಕದ ಖಾಲಿ ಜಾಗ ನೋಡುತ್ತ, "ಇದು ಯಾರ ಜಾಗ ಅಕ್ಕಯ್ಯ?" ಎಂದು ಕೇಳಿತು.

"ನಿನ್ನ ಅಣ್ಣಂದು."

"ಹಂಗಾದ್ರೆ ನಾನು ನೋಡ್ಕಂತೀನಿ," ಎಂದಿತು ಅದು.

ಬೆಳೆದವು. ನೇರ ಮೇಲಕ್ಕೆ ಮಾತ್ರ ಬೆಳೆಯಲಿಲ್ಲ. ಮಗ್ಗುಲಿಗೆ ಒಂದು ಕೊಂಬೆ, ಆ ಕೊಂಬೆಗೆ ಇನ್ನೊಂದು ಕವಲು, ಖಾಲಿ ಇದ್ದ ಕಡೆಗೆಲ್ಲ ಕೈಚಾಚಿ ಬೆಳೆದವು. ಒಂದು ಗಿಡ ನಾಲ್ಕು ಗಿಡದಷ್ಟು ಹರಡಿತು. ಕವಲು ಕವಲಿಗೂ ಹೂ ಬಂತು. ಇಳಿಜಾರು ಪೂರ್ತಿ ಅರಿಶಿನ ಚೆಲ್ಲಿದಂತಾಯಿತು.

ಆ ಬಣ್ಣದ ಬೆಳಕು ರೆಪ್ಪೆಗೆ ಬಿದ್ದು ಭೂಮ್ತಾಯಿಗೆ ಪೂರ್ತಿ ಎಚ್ಚರವಾಯಿತು. ಮೈಮುರಿದು ಎದ್ದು ಕೂತು, ಹೊಲ ನೋಡಿದಳು.

"ಎಲ್ಲಾ ಬಂದ್ವಾ ಮಗಾ?"

ಸಣ್ಣೀರಮ್ಮ ತಲೆ ತಗ್ಗಿಸಿದಳು. "ಎಲ್ಲಾ ಬರಲಿಲ್ಲ ತಾಯಿ. ಚಿಟಿಕೆಯಷ್ಟೇ ಬಂದ್ವು."

ಭೂಮ್ತಾಯಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಮತ್ತೆ ನೋಡಿದಳು. ಗಾಳಿಗೆ ಹೂಗಳೆಲ್ಲ ಒಂದರ ಹೆಗಲಿಗೆ ಒಂದು ತಾಗಿ ತೂಗುತ್ತಿದ್ದವು.

"ಖಾಲಿ ಜಾಗ ಎಲ್ಲೂ ಕಾಣ್ತಾ ಇಲ್ವಲ್ಲ," ಎಂದಳು. ಸಣ್ಣೀರಮ್ಮನ ಮಣ್ಣು ಮೆತ್ತಿದ ಅಂಗೈಗಳನ್ನು ತನ್ನ ಮೇಲೆ ಎಳೆದುಕೊಂಡು, ಬಹಳ ಹೊತ್ತು ಹಾಗೇ ಇಟ್ಟುಕೊಂಡಳು.

ಕಾಯಿ ಕಟ್ಟಿ, ಒಣಗಿ, ಬಡಿದು ತೂರಿದಾಗ ಬುರುಡೆ ತುಂಬಿ ಮೊರಕ್ಕೂ ಬಂತು. ಅಣ್ಣತಮ್ಮಂದಿರೆಲ್ಲ ಬಂದಿದ್ದರೆ ಕಣಜಕ್ಕೇ ಬರುತ್ತಿತ್ತೇನೋ. ಆದರೂ ಲೋಕಕ್ಕೆ ಸಾಸಿವೆ ಉಳಿಯಿತು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಚಟಪಟ ಮೇಲೆ ಹಾರುವುದಕ್ಕೂ ಇದೇ ಕಾರಣ, ಆಳವಾದ ಜಾಗ ಕಂಡರೆ ಅದಕ್ಕೆ ಹಳೇ ಭಯ, ಎಂದು ಮೂಡ್ಲಗಿರಯ್ಯ ಹೇಳುತ್ತಿದ್ದ. ಸಣ್ಣೀರಮ್ಮ ಒಪ್ಪುತ್ತಿರಲಿಲ್ಲ. ಎಣ್ಣೆ ಕಾದಿತ್ತು, ಅಷ್ಟೇ, ಅನ್ನುತ್ತಿದ್ದಳು.

ಅಂದಿನಿಂದ ಬಿತ್ತುವವರು ಸಾಸಿವೆಗೆ ಮರಳು ಬೆರೆಸಿ, ಉಗುರು ಮುಳುಗುವಷ್ಟೇ ಆಳದಲ್ಲಿ ಹಾಕಿ, ಮೇಲೆ ಮುಳ್ಳಿನ ಕೊಂಬೆ ಎಳೆದು ಕೈ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಮತ್ತೆ ಎಲ್ಲಾದರೂ ಸಾಲು ತೆಳುವಾಗಿ, ಅಕ್ಕಪಕ್ಕ ಯಾರೂ ಹುಟ್ಟದ ಕಡೆ ಒಂಟಿಯಾಗಿ ನಿಂತ ಸಾಸಿವೆ ಗಿಡ ಕಂಡರೆ ಹತ್ತಿರ ಹೋಗಿ ನೋಡು ಮಗು, ಅದು ಸುಮ್ಮನೆ ನಿಂತಿರುವುದಿಲ್ಲ, ಬರಲಾಗದೇ ಹೋದವರ ಜಾಗದ ಮೇಲೆಲ್ಲ ಕೊಂಬೆ ಚಾಚಿ, ಹೂ ಹಿಡಿದುಕೊಂಡು ನಿಂತಿರುತ್ತದೆ.